ಪದಚರ್ಚೆ: ‘ಔಟ್‌ಫೀಲ್ಡರ್’ ಎಂದರೆ ಹೊರಾಂಗಣ ಆಟಗಾರನೇ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಬೇಸ್‌ಬಾಲ್ ಆಟಗಾರ ಲ್ಯಾರಿ ಡೋಬಿ ಅವರ ಬದುಕಿನ ಕುರಿತ ಬರಹವೊಂದರ ಕರಡಿನಲ್ಲಿ ಹೀಗೊಂದು ವಾಕ್ಯವಿದೆ:

“1947ರ ಜುಲೈ 5ರಂದು ಅಮೆರಿಕದ ಲೀಗ್‌ಗೆ ಕಾಲಿಟ್ಟ ಮೊದಲ ಕಪ್ಪು ಆಟಗಾರ ಡೋಬಿ, ಅಂದು ಪಿಂಚ್ ಹಿಟ್ಟರ್ ಆಗಿ ಆಡಿದರು, ಮರುವರ್ಷ ಹೊರಾಂಗಣ ಆಟಗಾರರಾಗಿ 0.301 ಸರಾಸರಿ ಗಳಿಸಿ, ವಿಶ್ವಕಪ್‌ನಲ್ಲಿ ಸಿಕ್ಸರ್ ಬಾರಿಸಿದ ಮೊದಲ ಕಪ್ಪು ಆಟಗಾರ ಎನಿಸಿದರು.”

ಕನ್ನಡ ಸರಾಗವಾಗಿದೆ. ಆದರೆ ‘ಹೊರಾಂಗಣ ಆಟಗಾರ’ ಎಂಬಲ್ಲಿ ಓದು ಎಡವುತ್ತದೆ. ಇಂಗ್ಲಿಷ್ ಮೂಲದಲ್ಲಿರುವುದು ‘ಔಟ್‌ಫೀಲ್ಡರ್’, ಅಂದರೆ ಬ್ಯಾಟರ್‌ನಿಂದ ದೂರದ ಹುಲ್ಲುನೆಲದಲ್ಲಿ ನಿಂತು ಚೆಂಡು ಹಿಡಿಯುವ ಆಟಗಾರ. ಇದಕ್ಕೆ ಸರಿಯಾದ ಮಾತು ಯಾವುದು? ಹಾಗೆಯೇ ಇಟ್ಟುಕೊಳ್ಳುವುದು ಮೇಲೇ? ವಾಕ್ಯದ ಉಳಿದ ಪದಗಳ ಬಗ್ಗೆಯೂ ತಿಳಿದವರು ಹೇಳಬೇಕು.

~

ಮೇಡಂ, ‘ಹೊರಾಂಗಣ’ವನ್ನು ಮೊದಲು ತೆಗೆಯಿರಿ. ಕನ್ನಡದಲ್ಲಿ ಒಳಾಂಗಣ, ಹೊರಾಂಗಣ ಎಂಬ ಜೋಡಿ ಆಗಲೇ ಬೇರೆ ಅರ್ಥದಲ್ಲಿ ನೆಲೆಯೂರಿದೆ. ಒಳಾಂಗಣ ಕ್ರೀಡಾಂಗಣ ಎಂದರೆ ಸೂರಿನಡಿ ಬ್ಯಾಡ್ಮಿಂಟನ್ ಆಡುವ ಜಾಗ. ಹೊರಾಂಗಣ ಆಟವೆಂದರೆ ಬಿಸಿಲಿನಲ್ಲಿ ಆಡುವಂಥದ್ದು. ಆ ಲೆಕ್ಕದಲ್ಲಿ ಬೇಸ್‌ಬಾಲ್ ತಂಡದ ಒಂಬತ್ತೂ ಜನ ಹೊರಾಂಗಣ ಆಟಗಾರರೇ. ಇನ್ನು ಕ್ರಿಕೆಟ್‌ನಿಂದ ನಮಗೆ ಗೊತ್ತಿರುವ ‘ಔಟ್‌ಫೀಲ್ಡ್’ ನೆಲದ ಹೆಸರು: ಔಟ್‌ಫೀಲ್ಡ್ ಒದ್ದೆಯಾಗಿದೆ, ಔಟ್‌ಫೀಲ್ಡ್ ವೇಗವಾಗಿದೆ ಎನ್ನುತ್ತೇವೆ. ಅಲ್ಲಿ ನಿಲ್ಲುವವನಿಗೆ ನಾವು ಬಳಸುವುದು ಲಾಂಗ್ ಆನ್, ಡೀಪ್ ಮಿಡ್‌ವಿಕೆಟ್ ಮುಂತಾದ ಹೆಸರುಗಳನ್ನು. ಅವನು ಓವರಿಗೊಮ್ಮೆ ಜಾಗ ಬದಲಿಸುತ್ತಾನೆ. ಬೇಸ್‌ಬಾಲ್‌ನ ಔಟ್‌ಫೀಲ್ಡರ್ ಹಾಗಲ್ಲ. ಅದು ಅವನ ಕಸುಬು, ಅನೇಕರಿಗೆ ಇಡೀ ವೃತ್ತಿಜೀವನ.

ಡೋಬಿ ವಿಷಯದಲ್ಲಿ ಈ ಪದಕ್ಕೆ ಇನ್ನೂ ಹೆಚ್ಚಿನ ತೂಕವಿದೆ. ಅವರು ಬಂದದ್ದು ಔಟ್‌ಫೀಲ್ಡರ್ ಆಗಿ ಅಲ್ಲ, ಎರಡನೇ ಬೇಸ್‌ನ (ರನ್ ಗಳಿಸಲು ಓಟಗಾರ ಮುಟ್ಟುತ್ತ ಸಾಗಬೇಕಾದ ನಾಲ್ಕು ನೆಲೆಗಳಲ್ಲಿ ಒಂದು) ಆಟಗಾರನಾಗಿ, ಅಂದರೆ ಬೇಸ್‌ಗಳ ಸುತ್ತ ಆಡುವ ಇನ್‌ಫೀಲ್ಡರ್ ಆಗಿ. 1923ರಲ್ಲಿ ಸೌತ್ ಕ್ಯಾರೊಲಿನಾದ ಕ್ಯಾಮ್ಡನ್‌ನಲ್ಲಿ ಹುಟ್ಟಿ, ನ್ಯೂಜೆರ್ಸಿಯ ಪ್ಯಾಟರ್ಸನ್‌ನಲ್ಲಿ ಬೆಳೆದು, ಕಪ್ಪು ಆಟಗಾರರಿಗೆಂದೇ ಇದ್ದ ನೀಗ್ರೋ ಲೀಗ್‌ನ ನ್ಯೂಆರ್ಕ್ ಈಗಲ್ಸ್ ತಂಡದಲ್ಲಿ ಆಡುತ್ತಿದ್ದವರನ್ನು ಕ್ಲೀವ್‌ಲ್ಯಾಂಡ್ ತಂಡದ ಮಾಲೀಕ ಬಿಲ್ ವೆಕ್ 1947ರಲ್ಲಿ ಕರೆತಂದರು. ಆ ವರ್ಷ 29 ಪಂದ್ಯಗಳಲ್ಲಿ ಕಾಣಿಸಿಕೊಂಡರೂ ಅವರಿಗೆ ಸಿಕ್ಕ ಅವಕಾಶ ಬಹಳ ಕಡಿಮೆ. 1948ರಲ್ಲಿ ಅವರನ್ನು ಔಟ್‌ಫೀಲ್ಡ್‌ಗೆ ಕಳಿಸಿದರು, ಅವರ ದೆಸೆ ತಿರುಗಿದ್ದು ಅಲ್ಲಿ. 1949ರಿಂದ 1955ರವರೆಗೆ ಏಳೂ ವರ್ಷ ಲೀಗ್‌ನ ಆಯ್ದ ಆಟಗಾರರ ಆಲ್‌ಸ್ಟಾರ್ ತಂಡಕ್ಕೆ ಆಯ್ಕೆಯಾದರು. ಹಾಗಾಗಿ ಕನ್ನಡದಲ್ಲಿ ಬರುವ ಮಾತು ಒಂಟಿಯಾಗಿ ನಿಂತರೆ ಸಾಲದು. ಇನ್‌ಫೀಲ್ಡ್, ಔಟ್‌ಫೀಲ್ಡ್ ಎರಡೂ ಜೋಡಿಯಾಗಿ ಕಾಣಬೇಕು. ಇಲ್ಲಿಂದ ಅಲ್ಲಿಗೆ ಹೋದರು ಎಂಬುದು ಓದುಗರ ಕಣ್ಣಿಗೆ ಕಟ್ಟಬೇಕು.

ನನ್ನ ಸಲಹೆ ಚೌಕ ಮತ್ತು ಬಯಲು. ನಾಲ್ಕು ಬೇಸ್‌ಗಳು ಸೇರಿ 90 ಅಡಿ ಬದಿಯ ಚೌಕವಾಗುತ್ತದೆ. ಮೂಲೆಯ ಮೇಲೆ ನಿಂತಂತೆ ಕಾಣುವುದರಿಂದ ಅಮೆರಿಕದವರು ಅದನ್ನು ಡೈಮಂಡ್ ಎನ್ನುತ್ತಾರೆ, ಆದರೆ ಅಳತೆಯಲ್ಲಿ ಅದು ಚೌಕವೇ. ಅದರಾಚೆ ಬೇಲಿಯವರೆಗೂ ಹರಡಿದ ಹುಲ್ಲುನೆಲವೇ ಬಯಲು. ಅಷ್ಟಗಲ ನೆಲಕ್ಕೆ ಕಾವಲು ಮೂರೇ ಜನ. ಎಡಬಯಲು, ನಡುಬಯಲು, ಬಲಬಯಲು ಎಂದರೆ ಮೂವರೂ ಸಿಕ್ಕರು. ಡೋಬಿ ಹೆಚ್ಚು ಕಾಲ ಆಡಿದ್ದು ನಡುಬಯಲಿನಲ್ಲಿ.

ಇಲ್ಲಿ ಒಂದು ಎಚ್ಚರ ಬೇಕು. ಕ್ರಿಕೆಟ್‌ನಲ್ಲಿ ಎಡಗೈ ಬ್ಯಾಟರ್ ಬಂದರೆ ಆಫ್ ಸೈಡ್, ಲೆಗ್ ಸೈಡ್ ಅದಲುಬದಲಾಗುತ್ತವೆ. ಬೇಸ್‌ಬಾಲ್‌ನ ಎಡ, ಬಲ ಬದಲಾಗುವುದಿಲ್ಲ. ಬ್ಯಾಟರ್ ಆಡುವ ಮೂಲೆಯಾದ ಹೋಮ್ ಪ್ಲೇಟ್ ಬಳಿ ನಿಂತು ಮೈದಾನದತ್ತ ಮುಖ ಮಾಡಿದವನ ಎಡಗೈ ಬದಿಯೇ ಯಾವಾಗಲೂ ಎಡಬಯಲು. ‘ಎಡಗೈ ಆಟಗಾರ ಡೋಬಿ’ ಎಂದೂ ಬರೆಯಬಾರದು. ಅವರು ಬ್ಯಾಟ್ ಬೀಸುತ್ತಿದ್ದದ್ದು ಎಡಗೈ ಶೈಲಿಯಲ್ಲಿ, ಚೆಂಡು ಎಸೆಯುತ್ತಿದ್ದದ್ದು ಬಲಗೈಯಲ್ಲಿ. ಚರ್ಮದ ಗ್ಲೌಸ್ ಇರುತ್ತಿದ್ದದ್ದು ಎಡಗೈಗೆ. ಎರಡನ್ನೂ ಬಿಡಿಸಿ ಹೇಳಬೇಕು.

ಚೌಕದಿಂದ ಬಯಲಿಗೆ ಹೋಗುವುದೆಂದರೆ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತಂತಲ್ಲ. ಎರಡನೇ ಬೇಸ್ ಹತ್ತಿರ ಚೆಂಡು ಬಹುಪಾಲು ನೆಲದ ಮೇಲೆ ಉರುಳಿ ಬರುತ್ತದೆ, ಬಾಗಿ ಹಿಡಿದು ಹತ್ತಿರದ ಬೇಸ್‌ಗೆ ಚಿಮ್ಮಿಸಬೇಕು. ನಡುಬಯಲಿನಲ್ಲಿ ಚೆಂಡು ಬರುವುದು ಆಕಾಶದಿಂದ. ನೇರ ತನ್ನೆಡೆಗೇ ಬಂದ ಚೆಂಡು ಅಲ್ಲಿ ಎಲ್ಲಕ್ಕಿಂತ ಕಷ್ಟದ್ದು. ಪಕ್ಕಕ್ಕೆ ಹೋಗುವ ಚೆಂಡಿನ ಬಾಗು ಕಣ್ಣಿಗೆ ಕಾಣುತ್ತದೆ; ನೇರ ಬಂದದ್ದು ಎಷ್ಟು ದೂರ ಹೋಗುತ್ತದೆಂದು ಮೊದಲ ಕ್ಷಣದಲ್ಲಿ ತಿಳಿಯುವುದೇ ಇಲ್ಲ. ಹೊಸಬ ಮುಂದಕ್ಕೆ ಹೆಜ್ಜೆ ಇಡುತ್ತಾನೆ, ಚೆಂಡು ತಲೆಯ ಮೇಲಿಂದ ಹಾರಿ ಬೇಲಿಯತ್ತ ಉರುಳುತ್ತದೆ, ಎದುರಾಳಿಗೆ ಎರಡೋ ಮೂರೋ ಬೇಸ್ ಪುಕ್ಕಟೆ ಸಿಗುತ್ತವೆ. ಅದೇ ಚೆಂಡು ಮುಂದೆ ಬಿದ್ದಿದ್ದರೆ ಹೋಗುವುದು ಒಂದೇ ಬೇಸ್. ಅದಕ್ಕೇ ಅನುಮಾನವಿದ್ದಾಗ ಮೊದಲ ಹೆಜ್ಜೆ ಹಿಂದಕ್ಕೆ. ಹಿಡಿದ ಮೇಲೆ ಎಸೆತವೂ ಬೇರೆ: ಗುರಿ ಎಷ್ಟೇ ದೂರವಿರಲಿ, ನಡುವೆ ಕೈಯೆತ್ತಿ ನಿಂತ ಸಂಗಡಿಗನಿಗೆ ಎಟುಕುವ ಎತ್ತರದಲ್ಲೇ ಹೋಗಬೇಕು. ಅವನ ತಲೆಯ ಮೇಲಿಂದ ಹೋದರೆ ಹಿಂದಿನ ಓಟಗಾರ ಇನ್ನೊಂದು ಬೇಸ್ ಕದಿಯುತ್ತಾನೆ. ಇಂಥ ಪಾಠಗಳನ್ನೆಲ್ಲ ಡೋಬಿ 24ನೇ ವಯಸ್ಸಿನಲ್ಲಿ ಹೊಸದಾಗಿ ಕಲಿತರು. ಕಲಿಸಿದವರಲ್ಲಿ ಒಬ್ಬರು ಟ್ರಿಸ್ ಸ್ಪೀಕರ್, ಅದೇ ಕ್ಲೀವ್‌ಲ್ಯಾಂಡ್‌ನ ನಡುಬಯಲಿನಲ್ಲಿ ಹಿಂದೆ ಹೆಸರು ಮಾಡಿದವರು.

ಇನ್ನು ಉಳಿದ ಪದಗಳು. ‘ಪಿಂಚ್ ಹಿಟ್ಟರ್’ ನಮಗೆ ಗೊತ್ತಿರುವ ಪದವೆಂದೇ ಅಪಾಯ ಹೆಚ್ಚು. ಕ್ರಿಕೆಟ್‌ನಲ್ಲಿ ಅದು ಬೇಗ ರನ್ ಬಾಚಲು ಮೇಲಿನ ಕ್ರಮಾಂಕಕ್ಕೆ ಬಡ್ತಿ ಪಡೆದ ಹೊಡೆತಗಾರ. ಬೇಸ್‌ಬಾಲ್‌ನಲ್ಲಿ ಅದು ಬದಲಿ ಬ್ಯಾಟರ್: ಒಬ್ಬನ ಸರದಿಗೆ ಇನ್ನೊಬ್ಬ ಇಳಿಯುತ್ತಾನೆ, ಎದ್ದುಹೋದವನು ಆ ಪಂದ್ಯಕ್ಕೆ ಮರಳುವಂತಿಲ್ಲ. ಅಂದು ಷಿಕಾಗೊದಲ್ಲಿ ಡೋಬಿ ಇಳಿದದ್ದು ಪಿಚರ್‌ನ (ಬ್ಯಾಟರ್‌ಗೆ ಚೆಂಡು ಎಸೆಯುವವನ) ಸರದಿಗೆ, ಮತ್ತು ಮೂರು ಸ್ಟ್ರೈಕ್‌ಗೆ ಔಟಾದರು. ಕರಡಿನ ವಾಕ್ಯ ಓದಿದವರಿಗೆ ಅವರು ಅಬ್ಬರಿಸಿದರು ಎಂಬ ಭಾವನೆ ಬರುತ್ತದೆ.

‘ಸರಾಸರಿ’ಯೂ ಹಾಗೆಯೇ. ನಮ್ಮ ಲೆಕ್ಕದಲ್ಲಿ ಸರಾಸರಿ ಎಂದರೆ ರನ್ನುಗಳನ್ನು ಔಟಾದ ಸಲಗಳಿಂದ ಭಾಗಿಸಿದ್ದು, 0.301 ಎಂದರೆ ಅವನಿಗೆ ಬ್ಯಾಟೇ ಹಿಡಿಯಲು ಬರುವುದಿಲ್ಲ ಎಂದಂತೆ. ಬೇಸ್‌ಬಾಲ್‌ನಲ್ಲಿ ಅದು ಬ್ಯಾಟ್ ಹಿಡಿದ ಸರದಿಗಳಲ್ಲಿ ಎಷ್ಟು ಸಲ ಹೊಡೆತದಿಂದ ಬೇಸ್ ಗಿಟ್ಟಿತು ಎಂಬ ಪ್ರಮಾಣ. ನಾಲ್ಕು ಕೆಟ್ಟ ಎಸೆತಗಳಿಂದ ಪುಕ್ಕಟೆ ಬೇಸ್ ಸಿಕ್ಕರೆ ಆ ಸರದಿ ಲೆಕ್ಕಕ್ಕೇ ಬರುವುದಿಲ್ಲ. ಡೋಬಿ 1947ರಲ್ಲಿ 32 ಸರದಿಯಲ್ಲಿ 5 ಸಲ ಹೊಡೆದರು: 5 ಭಾಗಿಸು 32, ಅಂದರೆ .156. ಮರುವರ್ಷ .301. ನೂರು ಸರದಿಗೆ 30 ಸಲ ಹೊಡೆದರೆ ಒಳ್ಳೆಯ ಆಟಗಾರ ಎಂದು ಒಂದೇ ಒಂದು ಸಲ ಬಿಡಿಸಿ ಹೇಳಿದರೆ ಮುಂದಿನ ಅಂಕಿಗಳೆಲ್ಲ ತಾವಾಗಿ ಅರ್ಥವಾಗುತ್ತವೆ. ‘ಹೊಡೆತದ ಪ್ರಮಾಣ’ ಎಂದು ಬರೆಯಬಹುದು.

‘ಸಿಕ್ಸರ್’ ಖಂಡಿತ ತಪ್ಪು. ಚೆಂಡನ್ನು ಬೇಲಿಯಾಚೆ ಕಳಿಸುವ ಹೋಮ್ ರನ್‌ಗೆ ಸಿಗುವುದು ಒಂದರಿಂದ ನಾಲ್ಕು ರನ್, ಬೇಸ್‌ಗಳಲ್ಲಿ ಆಗ ಎಷ್ಟು ಜನ ನಿಂತಿದ್ದಾರೆ ಎಂಬುದರ ಮೇಲೆ. 1948ರ ಅಕ್ಟೋಬರ್ 9ರಂದು ಬಾಸ್ಟನ್ ಬ್ರೇವ್ಸ್‌ನ ಜಾನಿ ಸೇನ್ ಎಸೆದದ್ದನ್ನು ಡೋಬಿ ಬೇಲಿಯಾಚೆ ಕಳಿಸಿದಾಗ ಬೇಸ್‌ಗಳು ಖಾಲಿಯಿದ್ದವು, ಬಂದದ್ದು ಒಂದೇ ರನ್. ಪಂದ್ಯ ಮುಗಿದದ್ದು 2–1ಕ್ಕೆ. ಸಿಕ್ಸರ್ ಎಂದು ಬರೆದು ಕೆಳಗೆ 2–1 ಎಂದರೆ ಓದುಗ ಯಾವುದನ್ನು ನಂಬಬೇಕು? ‘ವಿಶ್ವಕಪ್’ ಕೂಡ ಬೇಡ, ಅದು ದೇಶಗಳ ನಡುವಿನ ಆಟವಲ್ಲ. ಎರಡು ಲೀಗ್‌ಗಳ ವಿಜೇತರ ನಡುವಿನ ಸರಣಿಗೆ ವರ್ಲ್ಡ್ ಸೀರೀಸ್ ಎಂಬ ಹೆಸರನ್ನು ಹಾಗೆಯೇ ಇಡಿ. ‘ಆರ್‌ಬಿಐ’ ಎಂದು ಬಂದಲ್ಲಿ ನಮ್ಮವರಿಗೆ ನೆನಪಾಗುವುದು ರಿಸರ್ವ್ ಬ್ಯಾಂಕ್. ‘ತಂದುಕೊಟ್ಟ ರನ್’ ಎನ್ನಿ. 1954ರಲ್ಲಿ ಡೋಬಿ 32 ಹೋಮ್ ರನ್ ಹೊಡೆದು 126 ರನ್ ತಂದುಕೊಟ್ಟರು, ಎರಡರಲ್ಲೂ ಅವರ ಲೀಗ್‌ಗೇ ಮೊದಲಿಗರು.

ಕೊನೆಯದಾಗಿ, ಎಲ್ಲಕ್ಕಿಂತ ದೊಡ್ಡ ತಪ್ಪು ‘ಅಮೆರಿಕದ ಲೀಗ್’. ಅಲ್ಲಿರುವುದು ಎರಡು ಲೀಗ್: ನ್ಯಾಷನಲ್ ಲೀಗ್ ಮತ್ತು ಅಮೆರಿಕನ್ ಲೀಗ್. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಕಪ್ಪು ಆಟಗಾರರಿಗೆ ನ್ಯಾಷನಲ್ ಲೀಗ್‌ನ ಬಾಗಿಲು ತೆರೆದರು. ಅದಾದ ಹನ್ನೊಂದು ವಾರಕ್ಕೆ ಡೋಬಿ ಅಮೆರಿಕನ್ ಲೀಗ್‌ಗೆ ಬಂದರು. ಹೆಸರನ್ನು ‘ಅಮೆರಿಕದ’ ಎಂದು ಕನ್ನಡಿಸಿದ ಕೂಡಲೇ ವಾಕ್ಯ ಸುಳ್ಳಾಗುತ್ತದೆ. ಅದೇ ರೀತಿ ಅಂದಿನ ತಂಡದ ಹೆಸರಾದ ಇಂಡಿಯನ್ಸ್ ಅನ್ನು ಎಲ್ಲಿಯೂ ಭಾರತೀಯರು ಎಂದು ಮಾಡಬಾರದು. ಅದು ಅಲ್ಲಿನ ಮೂಲನಿವಾಸಿಗಳನ್ನು ಸೂಚಿಸಿದ ಹೆಸರು. 2022ರ ಋತುವಿನಿಂದ ತಂಡವನ್ನು ಗಾರ್ಡಿಯನ್ಸ್ ಎನ್ನುತ್ತಾರೆ.

~

ಸರ್, ಚೌಕ ಮತ್ತು ಬಯಲು ಚೆನ್ನಾಗಿವೆ. ಎರಡು ತಕರಾರುಗಳಿವೆ, ಒಂದು ಸೇರ್ಪಡೆ ಇದೆ.

ಎರಡನೇ ಬೇಸ್‌ನ ಆಟಗಾರ ನಿಲ್ಲುವುದು ಮೊದಲ ಮತ್ತು ಎರಡನೇ ಬೇಸ್‌ಗಳ ನಡುವಿನ ಗೆರೆಗಿಂತ ತುಸು ಹಿಂದೆ, ಮಣ್ಣಿನ ಮೇಲೆ. ಅಂದರೆ ಅವನು ಚೌಕದೊಳಗೆ ಇರುವುದಿಲ್ಲ. ‘ಚೌಕದೊಳಗಿನ ಆಟಗಾರ’ ಎಂದರೆ ಆಟ ಗೊತ್ತಿರುವವರು ಒಪ್ಪುವುದಿಲ್ಲ. ಇನ್ನೊಂದು, ‘ಬಯಲಿನ ಆಟಗಾರ’ ಎಂಬುದನ್ನು ಯಾರಾದರೂ ಅವಸರದಲ್ಲಿ ಬಯಲಾಟಗಾರ ಎಂದು ಕೂಡಿಸಿಬಿಟ್ಟರೆ ಮಾತು ನೇರ ದೊಡ್ಡಾಟ, ಸಣ್ಣಾಟದ ರಂಗಕ್ಕೆ ಹೋಗುತ್ತದೆ. ನಾಮಪದ ಹುಡುಕುವುದನ್ನೇ ಬಿಟ್ಟು ‘ಕಾಯು’ ಕ್ರಿಯಾಪದ ಬಳಸಿದರೆ ಎರಡೂ ತೊಡಕು ತಪ್ಪುತ್ತವೆ. ಹೊಲ ಕಾಯುತ್ತೇವೆ, ತೋಟ ಕಾಯುತ್ತೇವೆ. ಎರಡನೇ ಬೇಸ್ ಕಾಯುತ್ತಿದ್ದರು, ಆಮೇಲೆ ನಡುಬಯಲು ಕಾಯಲು ಹೋದರು ಎಂದರೆ ನಿಂತ ಜಾಗವೂ ಮಾಡಿದ ಕೆಲಸವೂ ಒಟ್ಟಿಗೆ ತಿಳಿಯುತ್ತದೆ. ಮೊದಲ ಸಲ ಔಟ್‌ಫೀಲ್ಡರ್ ಎಂಬ ಪದವನ್ನೂ ಕೊಟ್ಟು ವಿವರಿಸಿ, ಮುಂದೆ ಇದನ್ನೇ ನಡೆಸಬಹುದು.

ಸೇರ್ಪಡೆ ‘ಟ್ಯಾಗ್ ಅಪ್’ ಬಗ್ಗೆ. ಡೋಬಿ ಬದುಕನ್ನು ಬರೆಯುವವರು 1954ರ ಸೆಪ್ಟೆಂಬರ್ 29ನ್ನು ಬಿಡಲಾಗದು. ನ್ಯೂಯಾರ್ಕ್ ಜೈಂಟ್ಸ್ ಎದುರು ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯ, ಎಂಟನೇ ಇನಿಂಗ್ಸ್, 2–2. ಕ್ಲೀವ್‌ಲ್ಯಾಂಡ್‌ನ ವಿಕ್ ವರ್ಟ್ಜ್ ಹೊಡೆದ ಚೆಂಡನ್ನು ಜೈಂಟ್ಸ್‌ನ ನಡುಬಯಲಿನ ವಿಲ್ಲಿ ಮೇಸ್ ಬೆನ್ನು ತಿರುಗಿಸಿ ಓಡುತ್ತಲೇ ಭುಜದ ಮೇಲಿಂದ ಹಿಡಿದರು. ಬೇಸ್‌ಬಾಲ್‌ನ ಅತಿ ಪ್ರಸಿದ್ಧ ಹಿಡಿತ ಅದು. ಆಗ ಎರಡನೇ ಬೇಸ್‌ನಲ್ಲಿ ಓಟಗಾರನಾಗಿದ್ದವರು ಡೋಬಿ. ಚೆಂಡು ಮೇಸ್ ಕೈಸೇರಿದ ಮೇಲೆ ಡೋಬಿ ಮೂರನೇ ಬೇಸ್‌ಗೆ ಓಡಿದರು ಎಂದು ಬರೆದರೆ ಕ್ರಿಕೆಟ್ ಓದುಗನಿಗೆ ಗೊಂದಲ: ಕ್ಯಾಚ್ ಹಿಡಿದ ಮೇಲೆ ಓಟವೆಲ್ಲಿಯದು? ಬೇಸ್‌ಬಾಲ್‌ನಲ್ಲಿ ಕ್ಯಾಚ್ ಆದರೂ ಚೆಂಡು ಜೀವಂತ. ಓಟಗಾರ ತಾನಿದ್ದ ಬೇಸ್‌ಗೆ ಮರಳಿ, ಹಿಡಿತವಾದ ಮೇಲೆ ಅಲ್ಲಿಂದ ಹೊರಡಬಹುದು. ‘ಬೇಸ್ ಮುಟ್ಟಿ ಹೊರಡುವುದು’ ಎಂದರೆ ಸಾಕು. ಚೆಂಡು ಹಿಡಿದ ಕೈಯಿಂದ ಓಟಗಾರನನ್ನು ಮುಟ್ಟಿ ಔಟ್ ಮಾಡುವುದಕ್ಕೂ ಟ್ಯಾಗ್ ಎನ್ನುವುದರಿಂದ ಇವೆರಡನ್ನು ಬೆರೆಸಬಾರದು. ಆ ಋತುವಿನಲ್ಲಿ 111 ಪಂದ್ಯ ಗೆದ್ದಿದ್ದ ಕ್ಲೀವ್‌ಲ್ಯಾಂಡ್ ಅಂದು 5–2ರಿಂದ ಸೋತಿತು, ಸರಣಿಯನ್ನೂ 4–0ಯಿಂದ ಕಳೆದುಕೊಂಡಿತು.

‘ಮ್ಯಾನೇಜರ್’ ಕೂಡ ನಮ್ಮ ಕ್ರಿಕೆಟ್ ತಂಡದ ಮ್ಯಾನೇಜರ್ ಅಲ್ಲ. ಯಾರು ಆಡಬೇಕು, ಪಿಚರ್‌ನನ್ನು ಯಾವಾಗ ಬದಲಿಸಬೇಕು ಎಂದು ನಿರ್ಧರಿಸುವ ಯಜಮಾನ ಅವನು. 1978ರಲ್ಲಿ ಡೋಬಿ ಷಿಕಾಗೊ ವೈಟ್ ಸಾಕ್ಸ್‌ನ ಮ್ಯಾನೇಜರ್ ಆದರು ಎಂಬುದರ ತೂಕ ಅಲ್ಲಿದೆ: ಫ್ರ್ಯಾಂಕ್ ರಾಬಿನ್ಸನ್ ನಂತರ ಆ ಸ್ಥಾನಕ್ಕೇರಿದ ಎರಡನೇ ಕಪ್ಪು ವ್ಯಕ್ತಿ ಅವರು.

~

ಇಬ್ಬರಿಗೂ ವಂದನೆ. ಇನ್ನೊಂದು ಪದ ಉಳಿದಿದೆ. 1947ರ ಮೊದಲ ದಿನ ಕೆಲವು ಸಂಗಡಿಗರು ಡೋಬಿಗೆ ಕೈಕುಲುಕಲಿಲ್ಲ. ತರಬೇತಿಗೆ ಅರಿಜೋನಾದ ಟೂಸಾನ್‌ಗೆ ಹೋದಾಗ ತಂಡದ ಹೋಟೆಲ್‌ನಲ್ಲಿ ಅವರಿಗೆ ಕೋಣೆ ಸಿಗಲಿಲ್ಲ. ಕರಡು ಇದನ್ನು ‘ಅಸ್ಪೃಶ್ಯತೆ’ ಎಂದಿದೆ. ಇರಲಿ ಬಿಡಲೇ?

~

ಬೇಡ ಮೇಡಂ. ನೋವು ಒಂದೇ ಬಗೆಯದಾದರೂ ಆ ಪದದ ಹಿಂದೆ ನಮ್ಮ ಜಾತಿಯ ಚರಿತ್ರೆಯಿದೆ, ಅವರದು ಜನಾಂಗಭೇದದ ಚರಿತ್ರೆ. ಹೆಸರಿಡದೆ ನಡೆದದ್ದನ್ನೇ ಬರೆಯಿರಿ: ಚಾಚಿದ ಕೈಯನ್ನು ಹಿಡಿಯಲಿಲ್ಲ, ಕೋಣೆ ಕೊಡಲಿಲ್ಲ. 1948ರ ಆ 2–1 ಗೆಲುವಿನ ನಂತರ ಗೆದ್ದ ಪಿಚರ್, ಬಿಳಿಯ ಸ್ಟೀವ್ ಗ್ರೊಮೆಕ್, ಡೋಬಿಯನ್ನು ಕೆನ್ನೆಗೆ ಕೆನ್ನೆ ಒತ್ತಿ ಅಪ್ಪಿಕೊಂಡ ಚಿತ್ರ ಪತ್ರಿಕೆಗಳಲ್ಲಿ ಬಂತು. ಮೊದಲ ದಿನದ ಕೈ ಓದುಗನ ಕಣ್ಣಮುಂದಿದ್ದರೆ ಈ ಅಪ್ಪುಗೆಗೆ ವಿವರಣೆ ಬೇಕಾಗುವುದಿಲ್ಲ.

ನಿಮ್ಮ ವಾಕ್ಯವನ್ನು ಹೀಗೆ ಬಿಡಿಸಬಹುದೇನೋ ನೋಡಿ:

“1947ರ ಜುಲೈ 5ರಂದು ಷಿಕಾಗೊದಲ್ಲಿ ಪಿಚರ್‌ನ ಸರದಿಗೆ ಬದಲಿ ಬ್ಯಾಟರ್ ಆಗಿ ಇಳಿದ ಲ್ಯಾರಿ ಡೋಬಿ, ಅಮೆರಿಕನ್ ಲೀಗ್‌ನಲ್ಲಿ ಆಡಿದ ಮೊದಲ ಕಪ್ಪು ಆಟಗಾರ. ಅಂದು ಅವರು ಹೊಡೆತವಿಲ್ಲದೆ ಔಟಾದರು. ಎರಡನೇ ಬೇಸ್ ಕಾಯುತ್ತಿದ್ದ ಅವರನ್ನು ಮರುವರ್ಷ ಬಯಲಿಗೆ ಕಳಿಸಿದರು. ಆ ವರ್ಷ ನೂರು ಸರದಿಗೆ ಮೂವತ್ತರಂತೆ ಹೊಡೆದರು. ವರ್ಲ್ಡ್ ಸೀರೀಸ್‌ನಲ್ಲಿ ಹೋಮ್ ರನ್ ಹೊಡೆದ ಮೊದಲ ಕಪ್ಪು ಆಟಗಾರರಾದರು.”