ಸಹಾಯ ಬೇಕು: ಜೇಮ್ಸ್ ಮನ್ರೋ ಅವರ ಬಂಗಾಳದ ವರ್ಷಗಳು

ನಮಸ್ಕಾರ. ವಿಕ್ಟೋರಿಯಾ ಕಾಲದ ಲಂಡನ್ ಪೊಲೀಸ್ ಕಮಿಷನರ್ ಜೇಮ್ಸ್ ಮನ್ರೋ ಅವರ ಸೇವಾ ವಿವರವನ್ನು ವರ್ಷವಾರು ಜೋಡಿಸುತ್ತಿದ್ದೇನೆ. ಲಂಡನ್ ಭಾಗ ಸ್ಪಷ್ಟವಾಗಿದೆ. 1884ರಲ್ಲಿ ಸ್ಕಾಟ್ಲೆಂಡ್ ಯಾರ್ಡ್ ಪತ್ತೇದಾರಿ ವಿಭಾಗದ ಮುಖ್ಯಸ್ಥರು. 1888ರಲ್ಲಿ ಕಮಿಷನರ್ ಚಾರ್ಲ್ಸ್ ವಾರೆನ್ ಜೊತೆ ಜಗಳವಾಗಿ ಬಿಟ್ಟರು, ಅದೇ ವರ್ಷ ವಾರೆನ್ ಜಾಗಕ್ಕೇ ಬಂದರು! 1890ರಲ್ಲಿ ಪೊಲೀಸರ ಪಿಂಚಣಿ ವಿಷಯಕ್ಕೆ ಸರ್ಕಾರದ ಜೊತೆ ಮನಸ್ತಾಪವಾಗಿ ರಾಜೀನಾಮೆ ಕೊಟ್ಟರು. ಪೇದೆಗಳ ಪರ ನಿಂತು ಅಂಥ ಹುದ್ದೆ ಬಿಡುವುದು ಸಣ್ಣ ಮಾತಲ್ಲ, ಅಲ್ವಾ?

ನನಗೆ ಬೇಕಿರುವುದು ಅದಕ್ಕೂ ಮುಂಚಿನದು. ಬಂಗಾಳದ ಸಿವಿಲ್ ಸರ್ವಿಸ್‌ನಲ್ಲಿ ಅವರು ಯಾವ ಜಿಲ್ಲೆಯಲ್ಲಿ ಯಾವಾಗ ಇದ್ದರು? ಪೊಲೀಸ್ ಇನ್ಸ್‌ಪೆಕ್ಟರ್ ಜನರಲ್ ಆದದ್ದು ಯಾವ ತಿಂಗಳು? ಹಳೆಯ ಸಿವಿಲ್ ಲಿಸ್ಟ್ (ಸರ್ಕಾರಿ ಅಧಿಕಾರಿಗಳ ಹುದ್ದೆಗಳ ಪಟ್ಟಿ) ಸ್ಕ್ಯಾನ್ ಇರುವವರು, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸ್ (ಭಾರತದ ಆಡಳಿತ ನೋಡುತ್ತಿದ್ದ ಬ್ರಿಟಿಷ್ ಸರ್ಕಾರದ ಇಲಾಖೆ) ದಾಖಲೆ ನೋಡಬಲ್ಲವರು ದಯವಿಟ್ಟು ತಿಳಿಸಿ. ಪುಟದ ಫೋಟೊ ಕಳಿಸಿದರೂ ಸಾಕು.