ಐಸಿನ ಮೇಲೊಂದು ಬುತ್ತಿ

"ಪಟ್ಟಿ ರೆಡಿ" ಎಂದ ಪಕ್ಯಾ, ಮೊಬೈಲನ್ನು ಚಹಾದ ಬಸಿಯ ಪಕ್ಕದಲ್ಲಿಟ್ಟು.

"ಈಗ ಯಾವ ಪಟ್ಟಿ? ಗಣಪತಿ ಹಬ್ಬ ಮುಗಿಯಿತಲ್ಲ" ಎಂದ ಶಿವು.

"ಚಂದಾ ಪಟ್ಟಿ ಅಲ್ಲಲೇ, ಊಟದ ಪಟ್ಟಿ. ಶನಿವಾರ ರಾತ್ರಿ ಆಲಮಟ್ಟಿ ಡ್ಯಾಮಿನ ಹಿನ್ನೀರಿಗೆ ಹೋಗೋದು. ಗಾಳ ಹಾಕೋದು, ಅಲ್ಲೇ ಅಡುಗೆ, ಅಲ್ಲೇ ಮಲಗೋದು. ಐಸ್ ಫಿಶಿಂಗ್‌ನವರು ಹೆಂಗೆ ಮಾಡುತ್ತಾರೋ ಹಂಗೆ."

ಕಾಕಾ ಬಸಿಗೆ ಚಹಾ ಸುರಿಯುತ್ತಿದ್ದರು. ಕೈ ನಿಂತಿತು. "ಐಸ್ ಎಲ್ಲಿಂದ ತರುತ್ತೀ ತಮ್ಮಾ? ಕಬ್ಬಿನ ಹಾಲಿನ ಗಾಡಿಯವನಿಗೆ ಹೇಳಿಟ್ಟಿದ್ದೀ ಏನು?"

"ಐಸ್ ಇಲ್ಲದಿದ್ದರೆ ಏನಾಯಿತು ಕಾಕಾ, ಪದ್ಧತಿ ಮುಖ್ಯ."

ಪಕ್ಯಾನ ಅಕ್ಕನ ಮಗ ಅಮೆರಿಕದ ಮಿನೆಸೊಟಾದಲ್ಲಿದ್ದಾನೆ. ಅಲ್ಲಿಂದ ವಿಡಿಯೊ ಕಳಿಸುತ್ತಾನೆ. ಅವತ್ತಿನಿಂದ ಪಕ್ಯಾ ಬಾಗಲಕೋಟೆಯ ನವನಗರದ ಬಿಸಿಲಲ್ಲಿ ನಿಂತು ಚಳಿಯ ಮಾತಾಡುತ್ತಾನೆ.

"ಅಲ್ಲಿ ಮಿಲ್ ಲ್ಯಾಕ್ಸ್ ಅಂತ ದೊಡ್ಡ ಕೆರೆ ಇದೆ" ಎಂದ. "ಚಳಿಗೆ ಹೆಪ್ಪುಗಟ್ಟಿದಾಗ ಅದರ ಮೇಲೆ ನಡೆದು ಹೋಗಲು 4 ಇಂಚು ಗಟ್ಟಿ ಐಸ್ ಇರಬೇಕು. ಕಾರು ಹೋಗಲು ಸುಮಾರು 10 ಇಂಚು. ಆಮೇಲೆ ಮಷೀನಿನಿಂದ ತೂತು ಕೊರೆದು ಗಾಳ ಇಳಿಬಿಡುತ್ತಾರೆ."

"ನಾವು 400 ಅಡಿ ಬೋರ್ ಕೊರೆಸಿದರೂ ನೀರು ಬರಲ್ಲ. ಅವರಿಗೆ ಒಂದೆರಡು ಅಡಿಗೆ ಮೀನು" ಎಂದರು ಕಾಕಾ. "ಹಣೆಬರಹ ನೋಡು."

ಮಾಸ್ತರರಿಗೆ ವಿಜ್ಞಾನ ಬಂತೆಂದರೆ ನಿವೃತ್ತಿ ಮರೆತುಹೋಗುತ್ತದೆ. "ನೀರು 4 ಡಿಗ್ರಿಯಲ್ಲಿ ಅತಿ ಭಾರ ಇರುತ್ತದೆ ನೋಡ್ರಿ. ಅದು ತಳಕ್ಕೆ ಇಳಿಯುತ್ತದೆ. ಐಸ್ ಹಗುರ, ಮೇಲೆ ತೇಲುತ್ತದೆ. ಅದಕ್ಕೇ ಕೆಳಗೆ ಮೀನು ಬದುಕಿರುತ್ತವೆ."

"ನಮ್ಮಲ್ಲಿ ಮೀನಿಗೆ ಸತ್ತ ಮೇಲೆ ಐಸ್. ಅಲ್ಲಿ ಬದುಕಿದ್ದಾಗಲೇ ಅನುಭವಿಸುತ್ತವೆ, ಪಾಪ" ಎಂದರು ಕಾಕಾ.

ಪಕ್ಯಾ ಪಟ್ಟಿ ಓದಲು ಶುರು ಮಾಡಿದ. ಮೊದಲನೆಯದು ಚಿಲಿ. ಮೆಣಸಿನಕಾಯಿ ಅಲ್ಲವಂತೆ. ಕಾಳು, ಟೊಮೆಟೊ, ಖೀಮಾ ಹಾಕಿ ಕುದಿಸಿದ ಗಟ್ಟಿ ಸಾರು. ಮನೆಯಲ್ಲೇ ಮಾಡಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಫ್ರೀಜರಿನಲ್ಲಿ ಚಪ್ಪಟೆಯಾಗಿ ಗಟ್ಟಿ ಮಾಡಿ ಒಯ್ಯಬೇಕು. ಅಲ್ಲಿ ಬಿಸಿನೀರಿಗೆ ಇಳಿಬಿಟ್ಟರೆ ಊಟ ತಯಾರು.

"ಖೀಮಾ ತೆಗೆದರೆ ಮಡಕಿಕಾಳಿನ ಪಲ್ಯ" ಎಂದರು ಕಾಕಾ. "ಮುಂದೆ?"

"ತತ್ತಿ. ಮನೆಯಲ್ಲೇ ಒಡೆದು ಬಾಟಲಿಗೆ ಹಾಕಿಕೊಂಡು ಹೋಗಬೇಕು. ಇಲ್ಲದಿದ್ದರೆ ಚಳಿಗೆ ಹೆಪ್ಪುಗಟ್ಟಿ ಸಿಡಿಯುತ್ತವೆ. ಕಾಯಿಪಲ್ಯನೂ ಹಂಗೇ, ಎಲ್ಲ ಮೊದಲೇ ಹೆಚ್ಚಿರಬೇಕು. ಕೈಗವಸು ಹಾಕಿಕೊಂಡು ಉಳ್ಳಾಗಡ್ಡಿ ಹೆಚ್ಚಲು ಬರಲ್ಲ."

"ಉಳ್ಳಾಗಡ್ಡಿ ಹೆಚ್ಚೋದು ಯಾಕೆ? ಗುದ್ದಿದರೆ ಆಯಿತು. ಕೈಗವಸು ಇದ್ದರೆ ಇನ್ನೂ ಚಲೋ, ಕೈ ನೋಯಲ್ಲ."

"ಕಾಕಾ, ಸುಮ್ನೆ ಕೇಳ್ರಿ. ಈಗ ಮುಖ್ಯ ಸಾಮಾನು. ಐಸ್ ಬಾಕ್ಸ್."

"ಐಸಿನ ಮೇಲೆ ಐಸ್ ಬಾಕ್ಸ್?"

"ಹೌದು. ಒಳಗಿನ ಊಟ ಹೆಪ್ಪುಗಟ್ಟಬಾರದು ಅಂತ. ನಾನು ತರಿಸಿಬಿಟ್ಟೆ, ದೊಡ್ಡದು."

ಶಿವು ಬಾಯಿ ತೆರೆದವನು ಹಾಗೇ ಉಳಿದ. ಕಾಕಾ ಮಾತ್ರ ಬಿಡಲಿಲ್ಲ. "ಬಾಗಲಕೋಟೆಯಲ್ಲಿ ಊಟ ಹೆಪ್ಪುಗಟ್ಟದ ಹಾಗೆ ಕಾಯಲು ನೀನು ರೊಕ್ಕ ಕೊಟ್ಟಿದ್ದೀ. ಭೇಷ್. ಮೇ ತಿಂಗಳಲ್ಲಿ ನಾವು ನಾಲ್ವರೂ ಅದರೊಳಗೆ ಕೂಡೋಣ."

ಅಷ್ಟರಲ್ಲಿ ಮಾಸ್ತರರ ಪೇಪರು ತೊಯ್ದಿತ್ತು. ಪಕ್ಯಾನ ಚೀಲದಿಂದ ನೀರು ಸೋರುತ್ತಿತ್ತು. ಬಾಟಲಿಯನ್ನು ತಲೆಕೆಳಗಾಗಿ ಇಟ್ಟಿದ್ದ. ನೀರು ಮೇಲಿನಿಂದ ಹೆಪ್ಪುಗಟ್ಟುತ್ತದೆ, ಬಾಟಲಿ ತಲೆಕೆಳಗಿದ್ದರೆ ಐಸ್ ತಳದ ಕಡೆ ಕಟ್ಟಿ ಮುಚ್ಚಳದ ಬಾಯಿ ಹೆಪ್ಪುಗಟ್ಟದೆ ಉಳಿಯುತ್ತದೆ ಎಂದು ಅಳಿಯ ಹೇಳಿದ್ದನಂತೆ.

"ವಿಜ್ಞಾನ ಸರಿ ಇದೆ" ಎಂದರು ಮಾಸ್ತರರು, ಪೇಪರು ಝಾಡಿಸುತ್ತಾ. "ಮುಚ್ಚಳ ಸರಿ ಇಲ್ಲ."

ಒಲೆಯ ವಿಷಯ ಬಂತು. ಸಣ್ಣ ಡಬ್ಬಿಯ ಬ್ಯುಟೇನ್ ಗ್ಯಾಸ್ ಸೊನ್ನೆ ಡಿಗ್ರಿಗಿಂತ ಕೆಳಗೆ ಆವಿಯಾಗುವುದಿಲ್ಲ, ಪ್ರೊಪೇನ್ ಬೇಕು. ಐಸಿನ ಮೇಲೆ ಹಾಕಿದ ಗುಡಿಸಲೊಳಗೆ ಹೀಟರ್ ಹಚ್ಚಿದರೆ ಗಾಳಿ ಆಡಲು ಸಂದಿ ಬಿಡಲೇಬೇಕು, ಇಲ್ಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ತುಂಬಿ ಮಲಗಿದವರು ಏಳುವುದಿಲ್ಲ. ಇದನ್ನು ಮಾತ್ರ ಯಾರೂ ನಗೆಯಾಡಲಿಲ್ಲ.

"ಇದೆಲ್ಲ ಇರಲಿ" ಎಂದ ಶಿವು. "ಮೀನು ಸಿಕ್ಕರೆ ತಿನ್ನುವವರು ಯಾರು? ನಮ್ಮ ಮನೆಯಲ್ಲಿ ಮೀನ ಅಂದರೆ ಪಂಚಾಂಗದೊಳಗಿನ ರಾಶಿ."

"ನಾನೂ ತಿನ್ನಲ್ಲ. ಹಿಡಿದು ಮತ್ತೆ ನೀರಿಗೆ ಬಿಡೋದು" ಎಂದ ಪಕ್ಯಾ.

"ಕನ್ಯಾ ನೋಡಲು ಹೋದ ಹಾಗೆ ಆಯಿತಲ್ಲೋ" ಎಂದರು ಕಾಕಾ. "ಅವಲಕ್ಕಿ ತಿನ್ನೋದು, ಹಿಡಿದು ಕೂಡಿಸಿ ನೋಡೋದು, ಆಮೇಲೆ ತಿಳಿಸುತ್ತೇವೆ ಅಂತ ಎದ್ದು ಬರೋದು."

"ಅಲ್ಲಿಯವರೂ ಮೀನು ನಂಬಿಕೊಂಡು ಹೋಗಲ್ಲ ಕಾಕಾ. ಒಂದೂ ಸಿಗಲ್ಲ ಅಂತ ತಿಳಿದೇ ಬುತ್ತಿ ಕಟ್ಟುತ್ತಾರೆ."

"ಶಾಣ್ಯಾ ಮಂದಿ. ಅವರ ಪಟ್ಟಿಯಲ್ಲಿ ತಪ್ಪಿಲ್ಲ ತಮ್ಮಾ. ಚಳಿ ಅವರದು, ಪಟ್ಟಿನೂ ಅವರದು. ನಿನಗೆ ಚಳಿ ಬರಲಿಲ್ಲ, ಪಟ್ಟಿಯೊಂದೇ ಬಂದಿದೆ. ಬುತ್ತಿ ಕಟ್ಟೋದನ್ನು ನಮಗೆ ಯಾರಾದರೂ ಕಲಿಸಬೇಕೇನು? ಕಡಕ್ ರೊಟ್ಟಿ ತಗೋ. ಅದರಲ್ಲಿ ನೀರಿನ ಪಸೆಯೇ ಇಲ್ಲ. ನೀರಿದ್ದರೆ ತಾನೇ ಹೆಪ್ಪುಗಟ್ಟೋದು? ನೀರಿದ್ದರೆ ತಾನೇ ಹಳಸೋದು? ಮಿನೆಸೊಟಾಕ್ಕೂ ಸೈ, ಮುಧೋಳಕ್ಕೂ ಸೈ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ. ಮೇಲೆ ಎಣ್ಣೆ. ಒಲೆ ಬೇಡ, ಗ್ಯಾಸ್ ಬೇಡ, ಕಿಟಕಿ ತೆರೆಯೋದು ಬೇಡ."

"ಅಮೀನಗಡದ ಕರದಂಟು ಸೇರಿಸ್ರಿ" ಎಂದ ಶಿವು. ತಿನ್ನುವ ಮಾತು ಬಂದರೆ ಅವನಿಗೆ ಜೀವ ಬರುತ್ತದೆ. "ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ. ಇದನ್ನೇ ಬಣ್ಣದ ಕಾಗದದಲ್ಲಿ ಸುತ್ತಿ ಎನರ್ಜಿ ಬಾರ್ ಅಂತ ಮಾರುತ್ತಾರೆ."

"ಆ ಚಳಿಯಲ್ಲಿ ಕರದಂಟು ಕಲ್ಲಾಗುತ್ತದೆ" ಎಂದರು ಮಾಸ್ತರರು. ಅವರ ಹಲ್ಲು ಕಟ್ಟಿಸಿದ್ದು, ಅನುಭವದ ಮಾತು. "ಅಲ್ಲಿ ಬಿಸಿ ಊಟವೇ ಬೇಕು ಬಿಡ್ರಿ."

"ಅಲ್ಲಿ ಬೇಕು. ಇಲ್ಲಿ?" ಎಂದರು ಕಾಕಾ.

ಪಕ್ಯಾನಿಗೆ ಸ್ವಲ್ಪ ಬೇಜಾರಾಯಿತು. ಮೊಬೈಲಿನಲ್ಲಿ ಫೋಟೊ ತೆಗೆದು ಮುಂದೆ ಹಿಡಿದ. ಬಿಳಿ ಬಯಲಿನ ಮೇಲೆ ಸಾಲಾಗಿ ಸಣ್ಣ ಮನೆಗಳು. "ಊಟದ ಮಾತು ಬಿಡ್ರಿ, ಇದನ್ನು ನೋಡ್ರಿ. ಕೆರೆಯ ಮೇಲೇ ಊರು. ಮನೆಯೊಳಗೆ ಒಲೆ, ಹಾಸಿಗೆ ಎಲ್ಲ ಇರುತ್ತದೆ. ಮಾರ್ಚ್ ಬಂತೆಂದರೆ ಸರ್ಕಾರ ತಾರೀಕು ಕೊಡುತ್ತದೆ. ಅಷ್ಟರೊಳಗೆ ಮನೆ ಎತ್ತಲೇಬೇಕು."

"ನಮಗೂ ತಾರೀಕು ಕೊಟ್ಟಿದ್ದರು" ಎಂದರು ಕಾಕಾ.

ಮಾಸ್ತರರು ಫೋಟೊ ನೋಡುತ್ತಲೇ ಇದ್ದರು. "ಅವರು ಮುಂದಿನ ಚಳಿಗಾಲಕ್ಕೆ ಬಂದು ಅಲ್ಲೇ ಹಾಕುತ್ತಾರೆ. ನೆರೆಮನೆಯವರೂ ಅವರೇ ಇರಬಹುದು. ಹಳೇ ಊರು ಹಿನ್ನೀರಿಗೆ ಹೋಯಿತು, ನಾವು ಓಣಿ ಬಿಟ್ಟು ನವನಗರದ ಸೆಕ್ಟರಿಗೆ ಬಂದೆವು. ಒಂದು ಓಣಿಯವರು ಹತ್ತು ಸೆಕ್ಟರಿನಲ್ಲಿ."

"ಮಾಸ್ತರ, ಪೇಪರಿನಲ್ಲಿ ದಿನಾ ಡ್ಯಾಮಿನ ಮಟ್ಟ ಯಾಕೆ ನೋಡುತ್ತೀರಿ?" ಶಿವು ಕೇಳಿದ.

"ಆಲಮಟ್ಟಿ 519.60 ಮೀಟರ್ ಅಂದರೆ ನಿಮಗೆ ಡ್ಯಾಮ್ ತುಂಬಿತು ಅಂತ. ನನಗೆ ನಮ್ಮ ಹಿತ್ತಲು ತುಂಬಿತು ಅಂತ. ಪಕ್ಯಾ, ನೀನು ಗಾಳ ಎಲ್ಲಿ ಹಾಕುತ್ತೀ?"

"ಹಳೇ ಊರಿನ ಕಡೆ, ದಂಡೆಗೆ."

"ಹುಷಾರು. ನಮ್ಮವ್ವನ ಒಲೆಗೆ ಸಿಕ್ಕೀತು."

"ಒಲೆ ಒಯ್ಯೋ ಕೆಲಸ ಉಳಿಯಿತು" ಎಂದರು ಕಾಕಾ. ಮಾಸ್ತರರೇ ಮೊದಲು ನಕ್ಕರು, ಬಹಳ ಹೊತ್ತು. ಆಮೇಲೆ ಚಾಳೀಸು ತೆಗೆದು ಒರೆಸಿಕೊಂಡರು. ಶಿವು ಇನ್ನೊಂದು ಸುತ್ತು ಚಹಾ ಹೇಳಿದ. ಅವನು ತಾನಾಗಿ ಚಹಾ ಹೇಳಿದ್ದು ಊರಿನ ಇತಿಹಾಸದಲ್ಲಿ ಬರೆದಿಡುವಂಥದ್ದು.

"ಆಯಿತು, ರೊಟ್ಟಿನೇ ಒಯ್ಯೋಣ" ಎಂದ ಪಕ್ಯಾ. "ಯಾರ ಮನೆಯಲ್ಲಿ ಬಡಿಯುತ್ತಾರೆ?"

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದರು. ಶಿವುನ ಮನೆಯಲ್ಲಿ ಚಪಾತಿ. ಮಾಸ್ತರರಿಗೆ ಹಲ್ಲಿನ ಕಾರಣ ಅನ್ನ. ಪಕ್ಯಾನ ಮನೆಯಲ್ಲಿ ಓಟ್ಸ್. ಇಷ್ಟು ಹೊತ್ತು ರೊಟ್ಟಿಯ ಭಾಷಣ ಬಿಗಿದ ಕಾಕಾ ಚಹಾದ ಬಸಿಯೊಳಗೆ ಏನನ್ನೋ ಹುಡುಕುತ್ತಿದ್ದರು.

"ಕಾಕಾ?"

"ಮೊಣಕಾಲು ನೋವು ನಿಮ್ಮ ಕಾಕೂಗೆ. ನಾವೂ ಆ ಮೂಲೆ ಮನೆಯ ಅಕ್ಕನ ಹತ್ತಿರ ತರೋದು. ಕಟ್ಟು ಲೆಕ್ಕದಲ್ಲಿ ಕೊಡುತ್ತಾಳೆ."

"ಕಡಕ್ ರೊಟ್ಟಿ ಗಾಡಿಯ ಮೇಲೆ ಒಯ್ದರೆ ಪುಡಿಪುಡಿ ಆಗುತ್ತವಲ್ಲ?"

"ನಿನ್ನ ಐಸ್ ಬಾಕ್ಸ್ ಇದೆಯಲ್ಲ, ಅದರಲ್ಲಿ ಜೋಡಿಸು. ಗಟ್ಟಿ ಡಬ್ಬಿ, ಒಂದೂ ಮುರಿಯಲ್ಲ."

ಪಕ್ಯಾ ಕೈ ಅಗಲಿಸಿ ಅಳತೆ ಹಾಕಿದ. "ಎರಡು ಕಟ್ಟು ಆರಾಮಾಗಿ ಹಿಡಿಯುತ್ತವೆ. ಹಿಂಡಿ, ಕರದಂಟೂ ಇಡಬಹುದು. ಆದರೆ ಗಾಳದ ಸಾಮಾನಿಗೆ ಜಾಗ ಇರಲ್ಲ ಕಾಕಾ."

"ಗಾಳ ಮನೆಯಲ್ಲೇ ಬಿಟ್ಟು ಬಾ."