ಅಪ್‌ಡೇಟ್: 14 ಹೆಸರಿಗೂ ಒಂದೇ ಎಫೆಕ್ಟ್ ಬಂತು
ದಾವಣಗೆರೆ ದುಗ್ಗಮ್ಮನ ಜಾತ್ರೆಯ ಬ್ಯಾನರ್‌ನಲ್ಲಿ 14 ಹೆಸರಿಗೂ ಒಂದೇ ಹಳದಿ ಸ್ಟ್ರೋಕ್ (ಅಕ್ಷರದ ಸುತ್ತ ಅಂಚು), ಡ್ರಾಪ್ ಶ್ಯಾಡೋ (ಹಿಂದೆ ಬೀಳುವ ನೆರಳು) ಬೇಕು, ಫೋಟೋಶಾಪ್‌ನಲ್ಲಿ ಒಂದೊಂದಕ್ಕೂ ಮತ್ತೆ ಹಾಕಬೇಕಾ ಅಂತ ಕೇಳಿದ್ದೆ. ಬೇಕಾಗಿಲ್ಲ! ಎಫೆಕ್ಟ್ ಹಾಕಿ ಸಿದ್ಧವಾಗಿದ್ದ ಒಂದು ಹೆಸರಿನ ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಕಾಪಿ ಲೇಯರ್ ಸ್ಟೈಲ್’ ಕೊಟ್ಟೆ. ಉಳಿದ 13 ಲೇಯರ್‌ ಒಟ್ಟಿಗೆ ಸೆಲೆಕ್ಟ್ ಮಾಡಿ ‘ಪೇಸ್ಟ್ ಲೇಯರ್ ಸ್ಟೈಲ್’ ಒತ್ತಿದೆ. ಎಲ್ಲಾ ಹೆಸರಿಗೂ ಒಮ್ಮೆಲೇ ಹಳದಿ ಅಂಚು ಬಂತು, ನೋಡಿ ತುಂಬಾ ಖುಷಿಯಾಯಿತು.

ಒಂದು ಎಚ್ಚರ. ಲೇಯರ್ ಪಕ್ಕದಲ್ಲಿರುವ ಎಫ್‌ಎಕ್ಸ್ (fx) ಗುರುತನ್ನು ಇನ್ನೊಂದು ಲೇಯರ್‌ಗೆ ಸುಮ್ನೆ ಎಳೆದರೆ ಎಫೆಕ್ಟ್ ಹಳೆ ಲೇಯರ್ ಬಿಟ್ಟು ಹೊಸದಕ್ಕೆ ಹೋಗಿಬಿಡುತ್ತದೆ. ಆಲ್ಟ್ ಒತ್ತಿ ಹಿಡಿದು ಎಳೆದರೆ ಎರಡೂ ಕಡೆ ಇರುತ್ತದೆ. ಚಿಕ್ಕ ಅಕ್ಷರಗಳಿಗೆ ಸ್ಟ್ರೋಕ್ ಜಾಸ್ತಿ ದಪ್ಪ ಆಯಿತು. ಅದಕ್ಕೆ ‘ಸ್ಕೇಲ್ ಎಫೆಕ್ಟ್ಸ್’ನಲ್ಲಿ 60% ಮಾಡಿದೆ, ಸರಿಹೋಯಿತು. ಬ್ಯಾನರ್ ನಿನ್ನೆ ಪ್ರಿಂಟಿಗೆ ಹೋಯಿತು. ದಾರಿ ತೋರಿಸಿದ ಎಲ್ಲರಿಗೂ ಥ್ಯಾಂಕ್ಸ್.